ಪ್ರೇಕ್ಷಕನ ಅನುಭವಕ್ಕೆ ಕನ್ನಡಿ ನರಕೋಶವೊಂದೇ ಉತ್ತರವಲ್ಲ

ನಟನ ಚಲನೆಯನ್ನು ಕಂಡೊಡನೆ ಪ್ರೇಕ್ಷಕನ ಮಿದುಳಿನ ಕನ್ನಡಿ ನರಕೋಶಗಳು (ಒಂದು ಕ್ರಿಯೆಯನ್ನು ತಾನು ಮಾಡುವಾಗಲೂ ಇತರರು ಮಾಡುವುದನ್ನು ನೋಡುವಾಗಲೂ ಸ್ಪಂದಿಸುವ ನರಕೋಶಗಳು) ಅದನ್ನೇ ಒಳಗೊಳಗೆ ಅನುಕರಿಸುತ್ತವೆ, ರಂಗಭೂಮಿ ಹುಟ್ಟಿಸುವ ಸಹಾನುಭೂತಿಗೆ ಅದೇ ಮೂಲ ಎಂದು ರಂಗಭೂಮಿ ಮತ್ತು ಮಿದುಳಿನ ಕುರಿತ ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಒಪ್ಪಲಾರೆ. 1990ರ ದಶಕದ ಆರಂಭದಲ್ಲಿ ಇಟಲಿಯ ಪಾರ್ಮಾದಲ್ಲಿ ನರವಿಜ್ಞಾನಿ ರಿಜೊಲಾಟಿ ಮತ್ತು ಅವರ ಸಂಗಡಿಗರು ಈ ನರಕೋಶಗಳನ್ನು ಗುರುತಿಸಿದ್ದು ಮಕಾಕ್ ಕೋತಿಗಳಲ್ಲಿ. ಅವು ಸ್ಪಂದಿಸಿದ್ದು ವಸ್ತುವನ್ನು ಕೈಯಿಂದ ಹಿಡಿಯುವಂತಹ ಸರಳ ಕ್ರಿಯೆಗಳಿಗೆ. ಪಾತ್ರದ ದುಃಖಕ್ಕೆ ಕಣ್ಣೀರಿಡುತ್ತಲೇ ಅದು ನಟನೆಯೆಂಬ ಅರಿವನ್ನೂ ಉಳಿಸಿಕೊಳ್ಳುವ ಮನುಷ್ಯನನ್ನು ವಿವರಿಸಲು ಅಷ್ಟು ಸಾಲದು.

ಅನುಕರಣೆಯ ವಾದವನ್ನೇ ಹಿಡಿದರೂ ಅದು ಎಲ್ಲರಲ್ಲೂ ಒಂದೇ ತೆರನಾಗಿ ನಡೆಯುವುದಿಲ್ಲ. ಬ್ಯಾಲೆ ನರ್ತಕರಿಗೂ ಬ್ರೆಜಿಲ್‌ನ ಸಮರಕಲೆಯಾದ ಕಪೊಯೆರಾದ ಪಟುಗಳಿಗೂ ಎರಡೂ ಶೈಲಿಯ ಚಲನೆಗಳನ್ನು ತೋರಿಸಿ ನಡೆಸಿದ 2005ರ ಅಧ್ಯಯನದಲ್ಲಿ, ತಾವು ಕಲಿತ ಶೈಲಿಯನ್ನು ನೋಡುವಾಗಲೇ ಅವರ ಮಿದುಳಿನ ಚಲನಸಂಬಂಧಿ ಭಾಗಗಳು ಹೆಚ್ಚು ಸಕ್ರಿಯವಾದವು. ಅಂದರೆ ನೋಡುವವನ ದೇಹ ಏನನ್ನು ಅಭ್ಯಾಸ ಮಾಡಿದೆ ಎಂಬುದು ನೋಟವನ್ನೇ ಬದಲಿಸುತ್ತದೆ. ಲೇಖನ ಈ ಅಂಶವನ್ನು ಮುಟ್ಟಿಯೇ ಇಲ್ಲ.

ಲೇಖನ ನಟನ ಕುರಿತು ಒಂದೇ ಸಾಲಿನಲ್ಲಿ ಮುಗಿಸಿರುವುದು ನನಗೆ ಇನ್ನೂ ಬೇಸರ ತಂದಿತು. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2019ರ ಅಧ್ಯಯನದಲ್ಲಿ ತರಬೇತಿ ಪಡೆದ ನಟರು ಪಾತ್ರವಾಗಿ ಉತ್ತರಿಸುವಾಗ, ತಾವಾಗಿಯೇ ಉತ್ತರಿಸುವಾಗಿನದಕ್ಕಿಂತ, ತನ್ನತನದ ಅರಿವಿಗೆ ಸಂಬಂಧಿಸಿದ, ಮಿದುಳಿನ ಮುಂಭಾಗದ ಕೆಲವು ಪ್ರದೇಶಗಳ ಚಟುವಟಿಕೆ ತಗ್ಗಿತ್ತು. ನಟನೆಯೆಂದರೆ ಮತ್ತೊಂದು ವ್ಯಕ್ತಿತ್ವವನ್ನು ಮೇಲೆ ಹೇರಿಕೊಳ್ಳುವುದಷ್ಟೇ ಅಲ್ಲ, ತನ್ನತನವನ್ನು ಸ್ವಲ್ಪ ಹಿಂದೆ ಸರಿಸುವುದೂ ಹೌದು ಎಂಬ ಸಾಧ್ಯತೆಯನ್ನು ಇದು ತೆರೆದಿಡುತ್ತದೆ. ಆದರೆ ಮಿದುಳಿನ ಚಟುವಟಿಕೆಯನ್ನು ಅಳೆಯುವ ಸ್ಕ್ಯಾನರ್‌ನೊಳಗೆ ಅಲುಗಾಡದೆ ಒಬ್ಬರೇ ಮಲಗಿದ್ದ ಆ ನಟರ ಎದುರು ಸಹನಟರೂ ಇರಲಿಲ್ಲ, ಪ್ರೇಕ್ಷಕರೂ ಇರಲಿಲ್ಲ ಎಂಬುದನ್ನು ಮರೆತು ಆ ಫಲಿತಾಂಶವನ್ನು ನೇರವಾಗಿ ರಂಗಕ್ಕೆ ಅನ್ವಯಿಸುವಂತಿಲ್ಲ.