ಒಬ್ಬರ ದೋಣಿ, ನಾಲ್ಕು ಜನರ ಹೆಗಲು

ಕೆರೆಯಿಂದ ಬಂದು ಸೊಂಟಕ್ಕೆ ಮುಲಾಮು ಹಚ್ಚಿಕೊಂಡು ಕೂತಿದ್ದೇನೆ. ಸಿಟ್ಟು ಇನ್ನೂ ಇಳಿದಿಲ್ಲ. ಹಾಯಿದೋಣಿಯ ವಿಷಯ, ಬೇಡದವರು ಮುಂದೆ ಸ್ಕ್ರಾಲ್ ಮಾಡಿ. ನನ್ನ ಭಾನುವಾರಗಳು ಎಲ್ಲಿ ಹಾಳಾಗುತ್ತವೆ ಅಂತ ನಿಮಗೆಲ್ಲ ಗೊತ್ತೇ ಇದೆ.

ನಮ್ಮ ಗುಂಪಿನ ಹುಡುಗನೊಬ್ಬ ಹೊಸ ಡಿಂಗಿ, ಅಂದರೆ ಚಿಕ್ಕ ಹಾಯಿದೋಣಿ, ತರಿಸಿದ್ದಾನೆ. ಒಬ್ಬರೇ ನಡೆಸುವಂಥದ್ದು. ಯಾವ ಕಂಪನಿಯದು ಅಂತ ಕೇಳಬೇಡಿ, ಹೇಳುವುದಿಲ್ಲ. ಹಾಯಿ ಕಟ್ಟುವ ಕಂಬ, ಅಂದರೆ ಮಾಸ್ಟ್, ಕಪ್ಪು ಕಾರ್ಬನ್ ಫೈಬರ್‌ನದು. ಕೂರುವ ಡೆಕ್ ಕಪ್ಪು, ಹಾಯಿ ಹೊಗೆಬಣ್ಣ. ಹಾಯಿಯ ತಲೆ ಚೂಪಾಗಿಲ್ಲ, ಕತ್ತರಿ ಹಾಕಿದ ಹಾಗೆ ಚೌಕ. ದೋಣಿಯ ಮೂತಿ ಉಲ್ಟಾ: ನೀರಿನ ಹತ್ತಿರ ಮುಂದೆ ಚಾಚಿಕೊಂಡು, ಮೇಲೆ ಬಂದ ಹಾಗೆ ಹಿಂದಕ್ಕೆ ವಾಲಿದೆ. ಹಳೇ ಯುದ್ಧನೌಕೆಯ ಹಾಗೆ. ಏರಿ ಮೇಲೆ ವಾಕಿಂಗ್ ಬಂದವರೆಲ್ಲ ನಿಂತು ಫೋಟೋ ತೆಗೆದರು. ನಾನೂ ತೆಗೆದೆ. ಹನ್ನೊಂದು.

ಆಮೇಲೆ ಶುರುವಾಯಿತು. "ಅಂಕಲ್, ಒಂಚೂರು ಕೈ ಹಾಕ್ತೀರಾ?"

ತೂಕ ಜಾಸ್ತಿ ಏನಿಲ್ಲ. ಹಿಡಿದುಕೊಳ್ಳುವುದಕ್ಕೆ ಜಾಗ ಇಲ್ಲ! ಅಂಚೆಲ್ಲ ಸೋಪಿನ ಹಾಗೆ ನುಣುಪು. ಎಲ್ಲಿ ಹಿಡಿದರೂ ಬೆರಳು ಜಾರುತ್ತದೆ. ಆ ಉಲ್ಟಾ ಮೂತಿ ನಮ್ಮಲ್ಲಿರುವ ಯಾವ ಟ್ರಾಲಿಯ ಮೇಲೂ ಕೂರುವುದಿಲ್ಲ. ಅದರದ್ದೇ ಟ್ರಾಲಿ ಬೇರೆ ತರಿಸಬೇಕಂತೆ. ಕೊನೆಗೆ ನಾಲ್ಕು ಜನ ಹೆಗಲು ಕೊಟ್ಟು ಮೆಟ್ಟಿಲು ಇಳಿಸಿದೆವು. ಏರಿ ಮೇಲಿದ್ದ ಒಬ್ಬ ಅಜ್ಜ ಟೋಪಿ ತೆಗೆದು ನಿಂತುಬಿಟ್ಟರು. ಯಾಕೆ ಅಂತ ನಾನು ಕೇಳಲಿಲ್ಲ.

ಒಬ್ಬರೇ ನಡೆಸುವ ದೋಣಿ ಅಂದರೆ ಏನ್ರೀ ಅರ್ಥ? ಒಬ್ಬರೇ ಎತ್ತಬೇಕು, ಒಬ್ಬರೇ ಹಾಯಿ ಕಟ್ಟಬೇಕು, ಮಗುಚಿದರೆ ಒಬ್ಬರೇ ನೆಟ್ಟಗೆ ಮಾಡಿಕೊಂಡು ವಾಪಸ್ ಬರಬೇಕು. ನೀರಿನ ಮೇಲಿನ ಒಂದು ಗಂಟೆಗೆ ಮಾತ್ರ ಡಿಸೈನ್ ಮಾಡಿ, ದಡದ ಎರಡು ಗಂಟೆ ಮರೆತರೆ ಅದು ದೋಣಿಯೋ, ಶೋಕೇಸ್ ಗೊಂಬೆಯೋ?

ಉಲ್ಟಾ ಮೂತಿಗೆ ಕಾರಣ ಇಲ್ಲ ಅಂತಲ್ಲ. ದೋಣಿಯ ಉದ್ದ ಅಷ್ಟೇ ಇದ್ದರೂ ನೀರಿಗೆ ತಾಗುವ ಉದ್ದ ಜಾಸ್ತಿ ಸಿಗುತ್ತದೆ. ಸಮುದ್ರದಲ್ಲಿ ಓಡುವ ತೆಳ್ಳನೆಯ, ಜೋಡಿ ಒಡಲಿನ ಕ್ಯಾಟಮರನ್‌ಗಳಲ್ಲಿ ಅದು ಅಲೆಯನ್ನು ಸೀಳಿಕೊಂಡು ಹೋಗುತ್ತದೆ. ಸರಿ. ನಮ್ಮ ಕೆರೆಯಲ್ಲಿ ಏಳುವ ಅತಿ ದೊಡ್ಡ ಅಲೆ ಎಮ್ಮೆ ನೀರಿಗಿಳಿದಾಗಿನದು. ಅದನ್ನು ಸೀಳಬೇಕಾ? ಇಲ್ಲಿ ಸೀಳಬೇಕಾಗಿರುವುದು ಅಂತರಗಂಗೆಯನ್ನು. ಅದು ಆ ಮೂತಿಗೆ ಸಿಕ್ಕಿ ಗಡ್ಡದ ಹಾಗೆ ನೇತಾಡುತ್ತಿತ್ತು. ವಾಪಸ್ ಬರುವಾಗ ಎಲ್ಲಕ್ಕಿಂತ ಮೊದಲು ಕಲ್ಲಿನ ಮೆಟ್ಟಿಲಿಗೆ ತಾಗಿದ್ದೂ ಅದೇ ಮೂತಿ. ಬಗ್ಗಿ ನೋಡಿದೆ. ಉಗುರಿನಷ್ಟು ಅಗಲ ಬಣ್ಣ ಎದ್ದು, ಒಳಗಿನ ಕಪ್ಪು ಎಳೆ ಹುಣಸೆಹಣ್ಣಿನ ನಾರಿನ ಹಾಗೆ ಕಾಣುತ್ತಿತ್ತು. ಹುಡುಗನ ಮುಖ ನೋಡಲಾಗಲಿಲ್ಲ.

ಕಪ್ಪು ಡೆಕ್ ಕಥೆ ಇನ್ನೊಂದು. ಹನ್ನೊಂದು ಗಂಟೆ ಬಿಸಿಲಿಗೆ ಅದರ ಮೇಲೆ ದೋಸೆ ಹುಯ್ಯಬಹುದಿತ್ತು. ನೀರು ಎರಚಿಕೊಂಡು ಕೂರುತ್ತಿದ್ದ, ಪಾಪ.

ನನ್ನ ಹಳೇ ಲೇಸರ್ ದೋಣಿ ಗೊತ್ತಲ್ಲ? ಅದೂ ಒಬ್ಬರೇ ನಡೆಸುವಂಥದ್ದೇ. ಸೆಕೆಂಡ್ ಹ್ಯಾಂಡ್, ಮೂರು ಕಡೆ ಫೈಬರ್ ತೇಪೆ. ಅದು ಹುಟ್ಟಿದ್ದು ಹೇಗೆ ಅಂತ ಇಂಥ ಡಿಸೈನರ್‌ಗಳು ಒಮ್ಮೆ ಓದಿಕೊಳ್ಳಬೇಕು. 1969ರಲ್ಲಿ ಕೆನಡಾದ ಇಯಾನ್ ಬ್ರೂಸ್, ದೋಣಿ ಡಿಸೈನ್ ಮಾಡುವ ಬ್ರೂಸ್ ಕಿರ್ಬಿಗೆ ಫೋನ್ ಮಾಡಿ, ಕ್ಯಾಂಪಿಂಗ್ ಸಾಮಾನಿನ ಜೊತೆ ಮಾರುವುದಕ್ಕೆ, ಕಾರಿನ ಮೇಲೆ ಹೇರಿಕೊಂಡು ಹೋಗುವಂಥ ಒಂದು ದೋಣಿ ಬೇಕು ಅಂದರು. ಕಿರ್ಬಿ ಫೋನಿನಲ್ಲಿ ಮಾತಾಡುತ್ತಲೇ ಕಾಗದದ ಮೇಲೆ ಗೀಚಿದರು. ಅದೇ ಲೇಸರ್. 1971ರಲ್ಲಿ ಮಾರಾಟಕ್ಕೆ ಬಂತು, 1996ರ ಅಟ್ಲಾಂಟಾದಿಂದ ಒಲಿಂಪಿಕ್ಸ್‌ನಲ್ಲಿದೆ, ಎರಡು ಲಕ್ಷಕ್ಕೂ ಜಾಸ್ತಿ ದೋಣಿ ತಯಾರಾಗಿವೆ. ಈಗ ಹೆಸರು ಇಲ್ಕಾ. 2024ರಲ್ಲಿ ನಮ್ಮ ವಿಷ್ಣು ಸರವಣನ್, ನೇತ್ರಾ ಕುಮನನ್ ಒಲಿಂಪಿಕ್ಸ್‌ಗೆ ಹೋಗಿದ್ದೂ ಇದೇ ದೋಣಿಯಲ್ಲಿ. ಮೊದಲು ಕೇಳಿದ ಪ್ರಶ್ನೆ "ಕಾರಿನ ಮೇಲೆ ಕೂರುತ್ತಾ?" ಅಂತ. ಚೆಂದ ತಾನಾಗಿ ಬಂತು.

ಗಾಳಿ ಎದ್ದರೆ ದಡದಲ್ಲಿ ಲೇಸರ್ ಹಾಯಿಯ ಹಿಂದಿನ ಮೂಲೆ ಬಿಚ್ಚಿ, ಮಾಸ್ಟನ್ನು ತಿರುಗಿಸಿದರೆ ಸಾಕು, ಬಟ್ಟೆ ಚಾಪೆಯ ಹಾಗೆ ಸುತ್ತಿಕೊಳ್ಳುತ್ತದೆ. ಆಷಾಢದ ಗಾಳಿಯಲ್ಲಿ ಇದು ಜೀವ ಉಳಿಸುವ ಸೌಕರ್ಯ. ಆ ಚೌಕದ ಹಾಯಿಗೆ ಅಡ್ಡಡ್ಡಲಾಗಿ ಉದ್ದುದ್ದ ಪಟ್ಟಿಗಳು, ಸುತ್ತುವ ಹಾಗೇ ಇಲ್ಲ. ದಡದಲ್ಲಿ ನಿಂತಷ್ಟು ಹೊತ್ತೂ ತಗಡಿನ ಶೀಟ್ ಬಡಿದ ಹಾಗೆ ಪಟಪಟ ಅನ್ನುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

"ನಿಮಗೆ ಹೊಸದು ಅಂದರೇ ಆಗಲ್ಲ ಅಂಕಲ್" ಅಂದ ಇನ್ನೊಬ್ಬ. ಸುಳ್ಳು. ಲೇಸರ್ ಏನು ದೇವರಾ? ಜೈಬ್ ಮಾಡುವಾಗ, ಅಂದರೆ ಹಿಂಗಾಳಿಯಲ್ಲಿ ಹಾಯಿಯನ್ನು ಈ ಪಕ್ಕದಿಂದ ಆ ಪಕ್ಕಕ್ಕೆ ಹಾಯಿಸುವಾಗ, ಹಾಯಿ ಎಳೆಯುವ ಮೇನ್‌ಶೀಟ್ ಹಗ್ಗ ಹೋಗಿ ದೋಣಿಯ ಹಿಂದಿನ ಮೂಲೆಗೆ ಸಿಕ್ಕಿಹಾಕಿಕೊಳ್ಳುತ್ತದೆ. ಐವತ್ತು ವರ್ಷದಿಂದ ಎಲ್ಲರೂ ಅದಕ್ಕೆ ಬೈಯುತ್ತಲೇ ಇದ್ದಾರೆ. ಹಾಯಿಯ ಕೆಳಗಿನ ಅಡ್ಡಕೋಲು, ಅಂದರೆ ಬೂಮ್, ಎಷ್ಟು ಕೆಳಗೆ ಅಂದರೆ ನನ್ನ ತಲೆಯ ಗಂಟುಗಳೇ ಸಾಕ್ಷಿ. ಹೊಸದರಲ್ಲಿ ಬುದ್ಧಿ ಇರುವಂಥದ್ದೂ ಇದೆ. 2014ರಲ್ಲಿ ಬಂದ ಆರ್‌ಎಸ್ ಏರೋ ಅನ್ನುವ ದೋಣಿ ನೋಡಿ. ನಾಲ್ಕು ಮೀಟರ್ ಉದ್ದ, ಬರಿ ಒಡಲು 30 ಕೆಜಿ. ಲೇಸರ್‌ನದು 59 ಕೆಜಿ ಹತ್ತಿರ. ಅದರಲ್ಲೂ ಕಾರ್ಬನ್ ಇದೆ, ಅದೂ ಸ್ಟೈಲಾಗೇ ಇದೆ. ಆದರೆ ಆ ಕಾರ್ಬನ್ ನನ್ನ ಸೊಂಟ ಉಳಿಸುತ್ತದೆ. ಬೆಲೆ ಕೇಳಿದರೆ ಸೊಂಟ ಮತ್ತೆ ಮುರಿಯುತ್ತದೆ, ಅದು ಬೇರೆ ಮಾತು.

"ಸ್ಟೈಲ್ ಇದ್ರೇನೇ ಹುಡುಗರು ಬರೋದು" ಅಂತ ಒಂದು ವಾದ ಇದೆ. ಬರುತ್ತಾರೆ. ಮೂರು ಭಾನುವಾರ ಬರುತ್ತಾರೆ. ನಾಲ್ಕನೇ ಭಾನುವಾರ ಹೆಗಲು ಕೊಡುವವರು ಸಿಗದೆ ಮನೆಯಲ್ಲಿ ಮಲಗುತ್ತಾರೆ. ದೋಣಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಸೇರುತ್ತದೆ.

ಇಷ್ಟು ಬರೆದ ಮೇಲೆ ಒಂದು ಸತ್ಯ ಹೇಳಿಬಿಡುತ್ತೇನೆ. ನಾನು ಈ ಹುಚ್ಚಿಗೆ ಬಿದ್ದಿದ್ದು ಹೇಗೆ? ಕಾಲೇಜಿಗೆ ಹೋಗುವಾಗ ಹಲಸೂರು ಕೆರೆ ಪಕ್ಕ ಬಸ್ಸಿನ ಕಿಟಕಿಯಿಂದ ಒಂದು ಬಿಳಿ ಹಾಯಿ ಕಂಡಿತು. ಅಷ್ಟೇ. ಅದರ ತೂಕ ಎಷ್ಟು, ಟ್ರಾಲಿ ಎಲ್ಲಿ ಅಂತ ಆಗ ನಾನು ಕೇಳಿರಲಿಲ್ಲ. ಇವತ್ತು ಬೆಳಿಗ್ಗೆಯೂ, ಗಾಳಿ ಸ್ವಲ್ಪ ಎದ್ದಾಗ ಆ ಕಪ್ಪು ದೋಣಿ ಒಂದು ಪಕ್ಕಕ್ಕೆ ಒರಗಿ, ನೀರಿನ ಮೇಲೆ ಗೆರೆ ಎಳೆದ ಹಾಗೆ ಹೋಯಿತು ನೋಡಿ, ನನ್ನ ಕೈಯಲ್ಲಿದ್ದ ಟೀ ಆರಿಹೋಯಿತು.

ಈಗಷ್ಟೇ ಅವನ ಮೆಸೇಜ್ ಬಂತು. "ಮುಂದಿನ ಭಾನುವಾರ ಎತ್ತೋಕೆ ಬರ್ತೀರಾ ಅಂಕಲ್? ನಿಮಗೂ ಒಂದು ರೌಂಡ್ ಕೊಡ್ತೀನಿ." ಬರ್ತೀನಿ ಅಂತ ಹಾಕಿದ್ದೇನೆ. ಸೊಂಟದ ಬೆಲ್ಟ್ ಎಲ್ಲಿಟ್ಟಿದ್ದೇನೋ, ಹುಡುಕಬೇಕು.