ಹಾರುವ ಟ್ಯಾಕ್ಸಿ ಸರಿ, ಬ್ಯಾಟರಿಯ ತೂಕ?

ಬ್ಯಾಟರಿಯಿಂದ ಹಾರುವ ಟ್ಯಾಕ್ಸಿಗಳು ಶುರುವಾದರೆ ಬೆಂಗಳೂರಿನ ಟ್ರಾಫಿಕ್ ಕಾಟ ತಪ್ಪುತ್ತದೆ ಅಂತ ಒಂದು ಲೇಖನದಲ್ಲಿ ಓದಿದೆ. ಓದೋಕೆ ಖುಷಿ. ಆದರೆ ತೂಕದ ಲೆಕ್ಕ ಎಲ್ಲಿ ಸ್ವಾಮಿ?

ಒಂದು ಕೆ.ಜಿ. ವಿಮಾನ ಇಂಧನದಲ್ಲಿ ಸುಮಾರು 12,000 ವ್ಯಾಟ್-ಅವರ್ ಶಕ್ತಿ ಇರುತ್ತದೆ. ಅಷ್ಟೇ ತೂಕದ ಒಳ್ಳೆಯ ಲಿಥಿಯಂ ಬ್ಯಾಟರಿಯಲ್ಲಿ 250ರ ಆಸುಪಾಸು. ಎಂಜಿನ್‌ಗಿಂತ ಮೋಟರ್ ಶಕ್ತಿಯನ್ನು ಚೆನ್ನಾಗಿ ಬಳಸಿಕೊಳ್ಳುತ್ತದೆ, ನಿಜ. ಆದರೂ ಇಷ್ಟು ದೊಡ್ಡ ಅಂತರ ತುಂಬುವುದಿಲ್ಲ. ಇಂಧನ ಉರಿದಷ್ಟೂ ವಿಮಾನ ಹಗುರವಾಗುತ್ತದೆ. ಬ್ಯಾಟರಿ ಖಾಲಿಯಾದರೂ ಅದೇ ಭಾರ ಹೊತ್ತು ಇಳಿಯಬೇಕು. ಈ ಟ್ಯಾಕ್ಸಿ ಹೆಲಿಕಾಪ್ಟರಿನಂತೆ ನೇರವಾಗಿ ಏಳುವಾಗ, ಇಳಿಯುವಾಗಲೇ ಕರೆಂಟ್ ಜಾಸ್ತಿ ಬೇಕು. ಅಂದರೆ ಚಾರ್ಜ್ ಕಡಿಮೆಯಾದ ಹೊತ್ತಿಗೇ ದೊಡ್ಡ ಕೆಲಸ ಬಾಕಿ ಇರುತ್ತದೆ! ಸ್ಕೂಟರ್ ಆದರೆ ಪಕ್ಕಕ್ಕೆ ತಳ್ಳಿ ನಿಲ್ಲಿಸಬಹುದು. ಮೇಲೆ ಆ ಸೌಲಭ್ಯ ಇಲ್ಲ, ಹಾಗಾಗಿ ಒಂದಿಷ್ಟು ಚಾರ್ಜ್ ಮುಟ್ಟದೆ ಉಳಿಸಿಕೊಳ್ಳಲೇಬೇಕು.

ಸ್ವಂತ ವಿಮಾನ ಇಟ್ಟುಕೊಂಡರಾಯಿತು ಅನ್ನುವವರೂ ಇದ್ದಾರೆ. ಖಾಸಗಿ ಪೈಲಟ್ ಲೈಸೆನ್ಸ್‌ಗೆ ಕನಿಷ್ಠ 40 ಗಂಟೆ ಹಾರಾಟ, ಜೊತೆಗೆ ಪರೀಕ್ಷೆ, ವೈದ್ಯಕೀಯ ತಪಾಸಣೆ. ಆಮೇಲೂ ದುಡ್ಡು ತಗೊಂಡು ಜನರನ್ನು ಕೂರಿಸುವಂತಿಲ್ಲ. ಸೆಸ್ನಾ 172 ಅನ್ನುವ ನಾಲ್ಕು ಸೀಟಿನ ಪುಟ್ಟ ವಿಮಾನದಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿದರೆ ನಾಲ್ವರು ದೊಡ್ಡವರು, ಅವರ ಲಗೇಜು ಸೇರಿ ಸಾಮಾನ್ಯವಾಗಿ ತೂಕದ ಮಿತಿ ದಾಟುತ್ತದೆ. ಸೀಟಿದೆ, ಕೂರುವಂತಿಲ್ಲ!

ಎಲೆಕ್ಟ್ರಾನಿಕ್ ಸಿಟಿಯಿಂದ ವಿಮಾನ ನಿಲ್ದಾಣಕ್ಕೆ 2018ರಲ್ಲೇ ಹೆಲಿಟ್ಯಾಕ್ಸಿ, ಅಂದರೆ ಹೆಲಿಕಾಪ್ಟರ್ ಟ್ಯಾಕ್ಸಿ ಬಂದಿತ್ತು. ಹೊಸೂರು ರಸ್ತೆಯ ಜಾಮ್ ಕರಗಿತಾ? ವಿಮಾನ ನಿಲ್ದಾಣಕ್ಕೆ ಹೋಗುವ ಒಂದು ವಾಯುವಜ್ರ ಬಸ್ಸಿನಲ್ಲಿ ಕೂರುವಷ್ಟು ಜನರನ್ನು ಸಾಗಿಸಲು ನಾಲ್ಕು ಸೀಟಿನ ಟ್ಯಾಕ್ಸಿ ಎಷ್ಟು ಸಲ ಹಾರಬೇಕು, ಸುಮ್ನೆ ಲೆಕ್ಕ ಹಾಕಿ ನೋಡಿ.