ಸತ್ಯಾಂಶ: ತೋಡಿನ ನೀರು, ಕ್ಯಾಂಡಲ್ ಫಿಲ್ಟರ್ ಮತ್ತು ವೈರಸ್

ಕೊಡಗಿನ ವಾಟ್ಸಾಪ್ ಗುಂಪಿನಲ್ಲಿ ಬಂದ ಫಾರ್ವರ್ಡ್ ಇದು: “ವಿಜ್ಞಾನಿಗಳೇ ಫಿಲ್ಟರ್‌ನಲ್ಲಿ ವೈರಸ್ ಹಿಡಿಯುತ್ತಾರೆ. ತೋಡಿನ ನೀರನ್ನು ಕ್ಯಾಂಡಲ್ ಫಿಲ್ಟರ್‌ಗೆ ಹಾಕಿದರೆ ಸಾಕು, ಕುದಿಸೋದು ಬೇಡ.”

ಮೊದಲ ಮಾತು ನಿಜ. ಆದರೆ ಲ್ಯಾಬ್ ಫಿಲ್ಟರ್ ಜರಡಿಯಂತೆ ಕೆಲಸ ಮಾಡುವುದಿಲ್ಲ. ಅದರ ರಂಧ್ರ ಹೆಚ್ಚಾಗಿ 450 ನ್ಯಾನೋಮೀಟರ್. ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ ಸುಮಾರು 27. ಸಲೀಸಾಗಿ ನುಸುಳಬೇಕು, ಅಲ್ವಾ? ಅದನ್ನು ಹಿಡಿಯುವುದು ವಿದ್ಯುದಾವೇಶ. ನೀರಿನಲ್ಲಿ ಬಹುತೇಕ ವೈರಸ್‌ಗಳು ಋಣ ಆವೇಶ ಹೊತ್ತಿರುತ್ತವೆ, ಧನ ಆವೇಶದ ಫಿಲ್ಟರ್ ಪೊರೆಗೆ ಅಂಟುತ್ತವೆ. ಪೊರೆಯೂ ಋಣವಾಗಿದ್ದರೆ, ವೈರಸ್ ಅಂಟಲೆಂದು ನೀರಿಗೆ ಮೆಗ್ನೀಸಿಯಂ ಕ್ಲೋರೈಡ್ ಬೆರೆಸುತ್ತಾರೆ, ಇಲ್ಲವೇ ಆಮ್ಲ ಹಾಕುತ್ತಾರೆ.

ಹೊಳೆ ನೀರಿನಲ್ಲಿ ವೈರಸ್ ತೀರಾ ವಿರಳ. ಒಂದು ಲೋಟ ಪರೀಕ್ಷಿಸಿದರೆ ಏನೂ ಸಿಗದಿರಬಹುದು. ಅದಕ್ಕೇ ಹತ್ತಾರು, ಕೆಲವೊಮ್ಮೆ ನೂರಾರು ಲೀಟರ್ ಹರಿಸುತ್ತಾರೆ. ಅಂಟಿದ್ದನ್ನು ಕ್ಷಾರೀಯ ದ್ರಾವಣದಿಂದ ಬಿಡಿಸಿ, ಕೆಲವು ಮಿಲಿಲೀಟರ್‌ಗೆ ಇಳಿಸಿ, ವೈರಸ್ಸಿನ ವಂಶವಾಹಿ ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡುತ್ತಾರೆ. (ಪಿಸಿಆರ್ ಸತ್ತ ವೈರಸ್ಸನ್ನೂ ತೋರಿಸುತ್ತದೆ, ಅದು ಬೇರೆ ತಲೆನೋವು.) ಇದೆಲ್ಲ ಹುಡುಕುವ ಕೆಲಸ, ಕುಡಿಯುವ ನೀರು ಮಾಡುವ ಕೆಲಸವಲ್ಲ.

ಸಾಮಾನ್ಯ ಕ್ಯಾಂಡಲ್ ಕೆಸರು ಮತ್ತು ಸಾಕಷ್ಟು ಬ್ಯಾಕ್ಟೀರಿಯಾ ತಡೆಯುತ್ತದೆ. ವೈರಸ್‌ಗೆ ಅದನ್ನು ನಂಬುವ ಹಾಗಿಲ್ಲ. ಸೋಸಿದ ಮೇಲೆ ನೀರು ಚೆನ್ನಾಗಿ ಕೊತಕೊತ ಕುದಿಯಲಿ, ಒಂದು ನಿಮಿಷ ಸಾಕು. ಮಡಿಕೇರಿಯ ಎತ್ತರಕ್ಕೂ ಇದೇ ಲೆಕ್ಕ. 2,000 ಮೀಟರ್ ದಾಟಿದರೆ ಮಾತ್ರ ಮೂರು ನಿಮಿಷ ಬೇಕು, ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ತುದಿಯೂ ಅಷ್ಟು ಎತ್ತರವಿಲ್ಲ.